ಬಲ ಹೆಬ್ಬೆರಳಿಗೆ ಒಪ್ಪುವ ಆಟಗಳು

ಯಾರಾದರೂ ಒಳ್ಳೆಯ ಗೇಮ್ ಯಾವುದೆಂದು ಕೇಳಿದರೆ, ಅವರ ಬಲಗೈ ಹೆಬ್ಬೆರಳು ಹೇಗಿದೆ ಎಂದು ಮೊದಲು ವಿಚಾರಿಸಬೇಕೆಂದು ಈಗ ನನಗೆ ಅನಿಸುತ್ತದೆ. ಹಿಂದೆ ಹಾಗಿರಲಿಲ್ಲ. ಕಾರವಾರದ ಪತ್ರಿಕೆಯೊಂದರ ಸುದ್ದಿಮನೆಯಲ್ಲಿ ನನ್ನ ಕೆಲಸ ಶುರುವಾಗುವುದು ಮಧ್ಯಾಹ್ನದ ಊಟವಾದ ಮೇಲೆ. ಬೆಳಗಿನ ಹೊತ್ತು ನನ್ನದು. ಆ ಹೊತ್ತಿನಲ್ಲಿ ಹಲವು ವರ್ಷಗಳಿಂದ ವಿಡಿಯೋ ಗೇಮ್ ಆಡುತ್ತ ಬಂದಿದ್ದೇನೆ. ಗುಂಡು ಹಾರಿಸುವ ಆಟಗಳಲ್ಲ. ಇಬ್ಬರೋ ಮೂವರೋ ಎಲ್ಲೋ ಒಂದು ಕೋಣೆಯಲ್ಲಿ ಕುಳಿತು ಮಾಡಿದ ಸಣ್ಣ ಆಟಗಳು, ಮತ್ತೆ ಒಂದು ಪಾತ್ರ ವಹಿಸಿಕೊಂಡು ಊರೂರು ಅಲೆಯುವ, ತಿಂಗಳುಗಟ್ಟಲೆ ಮುಗಿಯದ ಉದ್ದನೆಯ ಆಟಗಳು. ಸಹೋದ್ಯೋಗಿಗಳು ಕೇಳಿದರೆ ಕಥೆ ಹೇಗಿದೆ, ಮಾತು ಹೇಗಿದೆ ಎಂದು ನೋಡಿ ಶಿಫಾರಸು ಮಾಡುತ್ತಿದ್ದೆ. ಆ ಕ್ರಮ ಬದಲಾದದ್ದು ಅಕ್ಕ ಕೈ ಕೊಯ್ದುಕೊಂಡ ಬೇಸಿಗೆಯಲ್ಲಿ.

ಅಕ್ಕ ಅಂಕೋಲೆಯಲ್ಲಿ ಹೊಲಿಗೆ ಮಾಡುತ್ತಾಳೆ. ಮನೆಯ ಮುಂದಿನ ಕೋಣೆಯೇ ಅಂಗಡಿ. ಹೆಚ್ಚಾಗಿ ಪೋಲ್ಕ, ನಮ್ಮ ಕಡೆ ಬ್ಲೌಸಿಗೆ ಈಗಲೂ ಹಾಗೆ ಹೇಳುವವರಿದ್ದಾರೆ. ಶೆಟಗೇರಿಯಿಂದ, ಬೇಲೆಕೇರಿಯಿಂದ ಹೆಂಗಸರು ಬಸ್ಸಿನಲ್ಲಿ ಬಂದು ಬಟ್ಟೆ ಕೊಟ್ಟು ಹೋಗುತ್ತಾರೆ. ಮಷಿನ್ ತುಳಿಯುವವರು ಅವರವರ ಊರಲ್ಲೂ ಇದ್ದಾರೆ. ಇವರು ಇಷ್ಟು ದೂರ ಬರುವುದು ಅಕ್ಕನ ಕತ್ತರಿಯನ್ನು ನಂಬಿ. ಅವಳು ಕತ್ತರಿಸಿದ ತೋಳು ಎಳೆಯುವುದಿಲ್ಲ, ಬೆನ್ನು ಎತ್ತುವುದಿಲ್ಲ ಎಂಬ ಮಾತಿದೆ.

ಆ ದಿನ ಅವಳು ಅಡುಗೆಮನೆಯಲ್ಲಿ ಮೆಟ್ಟುಗತ್ತಿಯ, ಅಂದರೆ ಈಳಿಗೆಮಣೆಯ, ಮೇಲೆ ಕುಳಿತು ಹಲಸಿನಕಾಯಿ ಸೀಳುತ್ತಿದ್ದಳು. ಮೇಣ ಅಂಟದಿರಲೆಂದು ಎಣ್ಣೆ ಹಚ್ಚಿಕೊಂಡ ಕೈ ಜಾರಿತು. ಬಲ ಹೆಬ್ಬೆರಳನ್ನು ಬಗ್ಗಿಸುವ, ದಾರದಂಥ ಸ್ನಾಯುವಿನ ಎಳೆ ತುಂಡಾಯಿತು. ಶಸ್ತ್ರಚಿಕಿತ್ಸೆ ಮಾಡಿ ಹೊಲಿದರು, ಪಟ್ಟಿ ಕಟ್ಟಿದರು. ಪಟ್ಟಿ ಬಿಚ್ಚಿದಾಗ ಬೆರಳು ಕಡ್ಡಿಯ ಹಾಗೆ ನೆಟ್ಟಗೆ ನಿಂತಿತ್ತು. ಕತ್ತರಿಯ ಹಿಡಿಯೊಳಗೆ ಹೋಗಿ ಬಾಯಿ ತೆರೆಸಿ ಮುಚ್ಚಿಸಬೇಕಾದ್ದು ಅದೇ ಬೆರಳು. ವ್ಯಾಯಾಮ ಮಾಡಿದರೆ ಬಗ್ಗಬಹುದು, ಎಷ್ಟು ಬಗ್ಗುತ್ತದೆಂದು ಈಗಲೇ ಹೇಳಲಾಗದು ಎಂದು ವೈದ್ಯರು ಹೇಳಿದರು.

ವ್ಯಾಯಾಮ ಮಾಡಿಸುವ ಹುಡುಗಿ ಕಾರವಾರದಲ್ಲಿದ್ದಳು, ನಮ್ಮ ಮನೆಯಿಂದ ಎರಡು ರಸ್ತೆ ಆಚೆ. ವಾರಕ್ಕೆರಡು ಸಲ ಅಕ್ಕ ಬೆಳಗಿನ ಬಸ್ಸಿಗೆ ಬಂದು, ಅಲ್ಲಿ ಕೈ ತೋರಿಸಿ, ನಮ್ಮಲ್ಲಿ ಊಟ ಮಾಡಿ ತಿರುಗಿ ಹೋಗುತ್ತಿದ್ದಳು. ನಡುವಿನ ಹೊತ್ತಿನಲ್ಲಿ ಸೋಫಾದ ಮೇಲೆ ಕುಳಿತು ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡಿರುತ್ತಿದ್ದಳು, ಬೇರೆಯವರ ವಸ್ತುವನ್ನು ಕಾಯುತ್ತಿರುವವಳ ಹಾಗೆ. ಮನೆಯಲ್ಲಿ ಮಾಡಲು ಹೇಳಿದ ವ್ಯಾಯಾಮ ಮಾಡುತ್ತಿಲ್ಲವೆಂದು ಭಾವ ಫೋನಿನಲ್ಲಿ ಹೇಳಿದ್ದರು. ಆಟದ ಕಂಟ್ರೋಲರ್ ಕೊಡಬಹುದೇ ಎಂದು ಆ ಹುಡುಗಿಯನ್ನು ಕೇಳಿದೆ. ಭಾರ ಎತ್ತುವುದು, ಹಿಂಡುವುದು ಬೇಡ, ಹಗುರಾಗಿ ಆಡಿಸುವುದಾದರೆ ಆಗಬಹುದು ಎಂದಳು.

ಅಕ್ಕ ಕಂಟ್ರೋಲರನ್ನು ತಿರುಗಿಸಿ ನೋಡಿದಳು.

"ಇದೆಂತದೋ ತಮ್ಮಾ? ಯಾರ ಸ್ಕೂಟರಿನ ಹ್ಯಾಂಡಲ್ ಕಿತ್ತು ತಂದ್ಯ?"

"ಟೀವಿಯಲ್ಲಿ ಆಟ ಆಡುದು. ಹೆಬ್ಬೆಟ್ಟಿಗೆ ಕೆಲಸ ಕೊಡೂಕೆ."

"ನನ್ನ ವಯಸ್ಸಿಗೆ ಅದೊಂದು ಕಡಿಮೆ ಆಗಿತ್ತು."

ಮೊದಲು ಕೊಟ್ಟದ್ದು ದೀಪದ ಆಟ. ಆಟಗಳ ನಿಜವಾದ ಹೆಸರು ಅಕ್ಕನ ನಾಲಿಗೆಗೆ ಹತ್ತಲಿಲ್ಲ. ಅವಳು ಇಟ್ಟ ಹೆಸರುಗಳೇ ಮನೆಯಲ್ಲಿ ಉಳಿದವು, ಇಲ್ಲೂ ಅವನ್ನೇ ಬಳಸುತ್ತೇನೆ. ದೀಪದ ಆಟದಲ್ಲಿ ನೀವು ದೀಪಸ್ತಂಭ ಕಾಯುವವರು. ಒತ್ತಬೇಕಾದ ಗುಂಡಿ ಒಂದೇ. ಮಂಜಿನಲ್ಲಿ ಗಂಟೆ ಕೇಳಿದಾಗ ಒತ್ತಿದರೆ ದೀಪ ಬೆಳಗುತ್ತದೆ, ದೋಣಿ ದಡ ಸೇರುತ್ತದೆ, ದೋಣಿಯವರು ಒಂದೆರಡು ಮಾತಾಡಿ ಹೋಗುತ್ತಾರೆ. ತಡವಾದರೆ ಯಾರೂ ಮುಳುಗುವುದಿಲ್ಲ, ಬೈದು ಹೋಗುತ್ತಾರೆ ಅಷ್ಟೆ. ಆಟವೆಂದರೇನೆಂದೇ ಗೊತ್ತಿಲ್ಲದವರಿಗೆ ನಾನು ಈಗಲೂ ಮೊದಲು ಹೇಳುವುದು ಇದನ್ನೇ. ಮಾತೆಲ್ಲ ಇಂಗ್ಲಿಷಿನಲ್ಲಿ. ಪಕ್ಕದಲ್ಲಿ ಕುಳಿತು ಕನ್ನಡದಲ್ಲಿ ಹೇಳುವುದು ನನ್ನ ಕೆಲಸ. ಬೈಗುಳವನ್ನು ಸ್ವಲ್ಪ ಮೆತ್ತಗೆ ಮಾಡಿ ಹೇಳಿದರೆ ಅಕ್ಕ ಹಿಡಿದುಬಿಡುತ್ತಿದ್ದಳು.

"ಅಂವ ಅಷ್ಟೇ ಹೇಳಿದ್ದಲ್ಲ. ಮೋರೆ ನೋಡಿದ್ರೆ ಗೊತ್ತಾತದೆ. ಪೂರಾ ಹೇಳು."

ಎರಡನೆಯದು ತೋಟದ ಆಟ. ಹಳ್ಳಿಯೊಂದರಲ್ಲಿ ನೆಟ್ಟು, ಬೆಳೆದು, ಮೀನು ಹಿಡಿದು ಬದುಕುವ ಇಂಥ ಆಟಗಳನ್ನು ಎಲ್ಲರೂ ಎಲ್ಲರಿಗೂ ಹೇಳುತ್ತಾರೆ. ನನ್ನದೊಂದು ಎಚ್ಚರಿಕೆ ಇದೆ: ಗದ್ದೆ ಇರುವ ಮನೆಯವರಿಗೆ ಕೊಡುವಾಗ ತಕರಾರು ಕೇಳಲು ತಯಾರಿರಿ. ಭಾವನ ಮನೆಯವರಿಗೆ ಶೆಟಗೇರಿಯಲ್ಲಿ ಗದ್ದೆಯಿದೆ. ನೆಟ್ಟ ಮರುವಾರವೇ ಕೊಯ್ಲಿಗೆ ಬಂದ ಬೆಳೆಯನ್ನು ಅಕ್ಕ ಮುಟ್ಟಲೇ ಹಿಂಜರಿದಳು. ಆಟದಲ್ಲಿ ಮಳೆಗಾಲ ಬಂದಾಗ ದೊಡ್ಡ ದೊಡ್ಡ ಮೀನುಗಳು ದಡದ ಹತ್ತಿರ ಬಂದವು. ಅವಳು ಬಲೆ ಮಡಚಿಟ್ಟಳು.

"ಈಗ ಹಿಡಿಯೂಕಾಗ. ಮೀನಿಗೆ ತತ್ತಿ ತುಂಬೂ ಕಾಲ."

"ಅಕ್ಕಾ, ಇದು ಆಟದ ಮಳೆಗಾಲ."

"ಆಟದ ಮೀನಿಗೆ ತತ್ತಿ ಇಲ್ಲ ಅಂತ ನಿಂಗೆ ಯಾರು ಹೇಳಿದ್ರು?"

ಅವತ್ತು ಅವಳನ್ನು ಕರೆದೊಯ್ಯಲು ಬಂದಿದ್ದ ಭಾವ ಬಾಗಿಲಲ್ಲೇ ನಿಂತು ನೋಡುತ್ತಿದ್ದರು. "ಮಳೆಗಾಲ ಅಂತ ಬೇಲೆಕೇರಿ ಮೀನುಗಾರ್ರು ದೋಣಿ ಎಲ್ಲ ದಡಕ್ಕೆ ಎಳ್ದದ್ದು ಇವಳನ್ನೇ ಕೇಳಿ ಇರ್ಬೇಕು" ಎಂದರು. ಆಟದ ಹಳ್ಳಿಯಲ್ಲಿ ನಡೆದ ಮೀನಿನ ಪೈಪೋಟಿಯಲ್ಲಿ ಅಕ್ಕ ಕೊನೆಯವಳಾದಳು. ಅದರಿಂದ ಅವಳಿಗೇನೂ ಬೇಜಾರಾಗಲಿಲ್ಲ.

ನನಗೆ ತುಂಬ ಪ್ರಿಯವಾದ ಒಂದು ಆಟದಲ್ಲಿ ಅಂಚೆಮನೆಗೆ ಬಂದ ಕಾಗದಗಳನ್ನು ಓದಿ, ವಿಂಗಡಿಸಿ, ಯಾವುದು ಮುಖ್ಯ ಎಂದು ತೀರ್ಮಾನಿಸಬೇಕು. ಅದನ್ನೂ ತೋರಿಸಿದೆ. "ಆಪೀಸಿನಲ್ಲಿ ಮಾಡಿದ್ದು ಸಾಲದು ಅಂತ ಮನೇಲೂ ಇದನ್ನೇ ಮಾಡ್ತ್ಯಾ?" ಎಂದು ಕೇಳಿ ಅವಳು ಹ್ಯಾಂಡಲ್ ಕೆಳಗಿಟ್ಟಳು. ಆ ಆಟವನ್ನು ಸುದ್ದಿಮನೆಯ ಹೊರಗಿನವರಿಗೆ ಹೇಳುವುದನ್ನು ಬಿಟ್ಟಿದ್ದೇನೆ.

ಅದನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಮೂರನೆಯದು ದೋಣಿ ಆಟ. ನದಿ ದಾಟಿಸುವ ಅಂಬಿಗನ ಕೆಲಸ. ಹತ್ತಿದವರು ತಮ್ಮ ಮನೆ, ಜಗಳ, ಮದುವೆಯ ಮಾತಾಡುತ್ತಾರೆ, ನೀವು ಹುಟ್ಟು ಹಾಕುತ್ತ ಕೇಳುತ್ತೀರಿ. ಇದನ್ನು ಆರಿಸಿದ್ದಕ್ಕೆ ಕಾರಣವಿತ್ತು. ಹುಟ್ಟು ಹಾಕುವುದನ್ನು ಪೂರ್ತಿ ಬಲಗಡೆಯ ಕಡ್ಡಿಗೆ ಜೋಡಿಸಬಹುದಿತ್ತು. ಕಂಟ್ರೋಲರಿನಲ್ಲಿ ಎರಡು ಹೆಬ್ಬೆರಳಿಗೂ ಒಂದೊಂದು ಪುಟ್ಟ ಕಡ್ಡಿ ಇರುತ್ತದೆ, ತಳ್ಳಿದತ್ತ ವಾಲುತ್ತದೆ. ಅಕ್ಕ ಬೇಗ ಕಲಿತಳು. ನಾನು ಚಹಾ ಮಾಡಿ ತರುವಷ್ಟರಲ್ಲಿ ದೋಣಿ ಆಚೆ ದಡದಲ್ಲಿರುತ್ತಿತ್ತು. ಆದರೆ ವ್ಯಾಯಾಮದ ಹುಡುಗಿ ಬೆರಳಿನ ಕೋನ ಅಳೆದಾಗ ಏನೂ ಬದಲಾಗಿರಲಿಲ್ಲ. ಎರಡನೆಯ ಸಲ ಅಳೆದಾಗಲೂ ಅಷ್ಟೇ.

ಮುಂದಿನ ಸಲ ಚಹಾದ ಲೋಟ ಹಿಡಿದು ಸ್ವಲ್ಪ ಬೇಗ ಬಂದೆ. ಕಂಟ್ರೋಲರ್ ಸ್ಟೂಲಿನ ಮೇಲಿತ್ತು. ಅಕ್ಕನ ಬಲಗೈ ಸೆರಗಿನೊಳಗೆ ಮಡಿಲಲ್ಲಿತ್ತು. ಎಡಗೈ ತೋರುಬೆರಳಿನಿಂದ ಬಲಗಡೆಯ ಕಡ್ಡಿಯನ್ನು ತಳ್ಳುತ್ತಿದ್ದಳು.

"ದಡ ಮುಟ್ತಲ್ಲ" ಎಂದಳು, ನನ್ನನ್ನು ನೋಡದೆ.

"ದಡ ಮುಟ್ಟೂಕೆ ಅಲ್ವಲ್ಲ ಅಕ್ಕಾ ನಾ ಇದನ್ನು ಕೊಟ್ಟದ್ದು."

ದೋಣಿಯಲ್ಲಿದ್ದ ಮುದುಕ ಇಳಿದು ಹೋದ. ಆಮೇಲೆ ಅವಳೇ ಹೇಳಿದಳು.

"ಹೊಸ ಹೊಲಿಗೆ ಎಳೀಬಾರ್ದು ತಮ್ಮಾ. ಎಳೆದ್ರೆ ಬಿಡ್ತದೆ. ಇಷ್ಟು ವರ್ಷದಿಂದ ಹೊಲೀತೆ, ನಂಗೆ ಗೊತ್ತಿಲ್ವ? ಆ ಹುಡುಗಿ ಬಗ್ಸಿ ಬಗ್ಸಿ ಅಂಬುದು. ಒಳಗೆ ಬಿಟ್ರೆ ಮತ್ತೆ ಕೊಯ್ಯೂದು. ಆಮೇಲೆ ಬೆರಳು ಇಲ್ಲ ಅಂತ್ಲೇ ಲೆಕ್ಕ."

ವ್ಯಾಯಾಮ ಮಾಡದಿದ್ದದ್ದು ಸೋಮಾರಿತನದಿಂದಲ್ಲ, ನೋವಿಗೆ ಹೆದರಿಯೂ ಅಲ್ಲ. ತನ್ನ ಕಸುಬಿನ ತಿಳಿವಳಿಕೆಯಿಂದಲೇ ಅವಳು ಬೆರಳನ್ನು ಕಾಯುತ್ತಿದ್ದಳು. ಭಾವನೂ ನಾನೂ ಅದನ್ನು ಕೇಳಿ ತಿಳಿದುಕೊಂಡಿರಲಿಲ್ಲ, ಮಾಡು ಮಾಡು ಎಂದಷ್ಟೇ ಹೇಳುತ್ತಿದ್ದೆವು.

ವ್ಯಾಯಾಮದ ಹುಡುಗಿಗೆ ನಾನು ವಿಷಯ ಹೇಳಿದಾಗ ಅಕ್ಕ ನನ್ನತ್ತ ಕಣ್ಣು ಬಿಟ್ಟಳು. ಹುಡುಗಿ ನಗಲಿಲ್ಲ. ಅಕ್ಕನ ಕೈಯನ್ನು ತನ್ನ ಕೈ ಮೇಲೆ ಇಟ್ಟುಕೊಂಡಳು.

"ಎಳೀಬೇಡಿ ಅಂತ ಮೊದಲು ಹೇಳಿದ್ದು ನಾವೇ ಅಕ್ಕಾ. ಆ ಕಾಲ ಮುಗೀತು, ಒಳಗೆ ಕೂಡಿದೆ. ಈಗ ಆಡಿಸದೇ ಇಟ್ರೆ ಆ ಎಳೆ ಸುತ್ತಲಿನ ಮಾಂಸಕ್ಕೆ ಅಂಟ್ಕೊಳ್ತದೆ."

ಅಕ್ಕ ಸ್ವಲ್ಪ ಯೋಚಿಸಿದಳು. "ಅಂದ್ರೆ, ತೋಳು ಹೊಲೀವಾಗ ಅಡಿಯ ಬಟ್ಟೆಯೂ ಸೇರಿ ಹೊಲಿದು ಹೋದಂಗಾ?"

"ಹಾಗೆ ಹೊಲಿದ್ರೆ ಏನಾಗ್ತದೆ?"

"ಕೈಯೇ ಒಳಗೆ ಹೋಗುದಿಲ್ಲ."

"ಅದೇ ನಾನು ಹೇಳೋದು."

ಮಾತು ಅವಳಿಗೆ ತಿಳಿಯಿತು, ಆದರೆ ಹೆದರಿಕೆ ಒಂದೇ ದಿನಕ್ಕೆ ಹೋಗುವಂಥದ್ದಲ್ಲ. ದೋಣಿ ಆಟದಲ್ಲಿ ಬಲ ಹೆಬ್ಬೆರಳನ್ನು ಕಡ್ಡಿಯ ಮೇಲೆ ಇಟ್ಟಳು. ಸ್ವಲ್ಪ ಬಿಗಿಯಾದ ಕೂಡಲೇ ತೆಗೆಯುತ್ತಿದ್ದಳು. ದೋಣಿ ನದಿಯ ನಡುವೆ ಸುಮ್ಮನೆ ತಿರುಗುತ್ತಿತ್ತು.

ನಾಲ್ಕನೆಯ ಆಟವನ್ನು ನಾನು ಹಾಕಿದ್ದು ಬೇರೆ ಉಪಾಯ ಉಳಿದಿರಲಿಲ್ಲವೆಂದು. ಅದು ದೊಡ್ಡ ಆಟ. ರಾಜ್ಯಕ್ಕೆ ಅಪಾಯ ಬಂದಿದೆ, ರಾಜ ನಿಮಗೆ ಹೇಳಿ ಕಳಿಸಿದ್ದಾನೆ. ಎಡ ಹೆಬ್ಬೆರಳು ನಡೆಸುತ್ತದೆ, ಬಲ ಹೆಬ್ಬೆರಳು ನೋಟವನ್ನು ತಿರುಗಿಸುತ್ತದೆ. ಎರಡೂ ಒಟ್ಟಿಗೆ ಬೇಕು. ಮೊದಲ ದಿನವಿಡೀ ಅಕ್ಕ ತನ್ನ ಪಾತ್ರಕ್ಕೆ ಬಟ್ಟೆ ಆರಿಸಿದಳು. ಒಂದೂ ಸೀರೆ ಇರಲಿಲ್ಲ. ಹಾಗಾಗಿ ಆ ಆಟದ ಹೆಸರು ಸೀರೆ ಇಲ್ಲದೂರು ಎಂದಾಯಿತು.

ಮುಂದಿನ ಸಲ ಪೇಟೆಯಲ್ಲಿ ಹಸಿರು ನಿಲುವಂಗಿಯ ಹೆಂಗಸೊಬ್ಬಳು ಎದುರಾದಳು. ಅಕ್ಕ ಟೀವಿಯ ಹತ್ತಿರ ಬಾಗಿದಳು.

"ಮುಂದೆ ಚಂದ ಕೊಟ್ಟಿದ್ದಾರೆ. ಎದೆ ಹತ್ರ ಒಂದು ನೆರಿಗೆ ಇಲ್ಲ ನೋಡು. ಹಿಂದೆ ಹೆಂಗದೆ? ತಿರುಗು ಅನ್ನು ಅವಳಿಗೆ."

"ಅವಳು ತಿರುಗುದಿಲ್ಲ. ನೀನೇ ತಿರುಗಿಸಿ ನೋಡ್ಬೇಕು. ಬಲ ಹೆಬ್ಬೆಟ್ಟು."

ಹೆಂಗಸು ನಡೆಯತೊಡಗಿದಳು. ಅವಳ ಬೆನ್ನು ಹತ್ತಲು ಎಡ ಹೆಬ್ಬೆರಳು ಬೇಕು, ಬೆನ್ನು ನೋಡಲು ಬಲ ಹೆಬ್ಬೆರಳು ಬೇಕು. ಹೆಂಗಸು ಒಂದು ಓಣಿಯತ್ತ ತಿರುಗುವುದರಲ್ಲಿದ್ದಳು. ಅಕ್ಕ ಕಡ್ಡಿಯನ್ನು ತಳ್ಳಿದಳು. ತುಟಿ ಬಿಗಿದಿತ್ತು, ಕೈ ತೆಗೆಯಲಿಲ್ಲ. ನೋಟ ನಿಧಾನವಾಗಿ ಸುತ್ತಿ ಬಂದು ನಿಲುವಂಗಿಯ ಹಿಂಭಾಗ ಕಾಣಿಸಿತು.

"ಹುಕ್ಕೂ ಇಲ್ಲ, ಗುಂಡಿಯೂ ಇಲ್ಲ. ಇದನ್ನ ಇವಳು ಹಾಕ್ಕೊಂಡದ್ದಾದ್ರೂ ಹೆಂಗೆ ಮಾರಾಯ?"

ಅಂದಿನಿಂದ ಆ ಪೇಟೆಯ ಒಬ್ಬ ಹೆಂಗಸನ್ನೂ ಅವಳು ಬಿಡಲಿಲ್ಲ. ಎಲ್ಲರ ಬೆನ್ನು ನೋಡಿದಳು. ಕಾವಲುಗಾರರ ತೋಳು ಸರಿಯಿಲ್ಲವೆಂದಳು, ಪೂಜಾರಿಯ ಅಂಗಿಯ ಕಾಲರನ್ನು ಮೆಚ್ಚಿದಳು. ರಾಜನ ಬುಲಾವ್ ಪರದೆಯ ಮೂಲೆಯಲ್ಲಿ ಹಾಗೇ ಮಿನುಗುತ್ತಿತ್ತು. ಪಾತ್ರ ವಹಿಸುವ ಆಟಗಳಲ್ಲಿ ಒಳ್ಳೆಯದನ್ನು ಗುರುತಿಸಲು ನನ್ನ ಬಳಿ ಈಗ ಇರುವುದು ಇದೊಂದೇ ಮಾನದಂಡ: ರಾಜನನ್ನು ಎಷ್ಟು ದಿನ ಕಾಯಿಸಲು ಬಿಡುತ್ತಾರೆ? ಅವಸರ ಮಾಡಿಸುವ ಆಟ ಕಥೆಯಲ್ಲಿ ಎಷ್ಟು ದೊಡ್ಡದಿದ್ದರೂ ಎಲ್ಲರಿಗೂ ಹೇಳುವಂಥದ್ದಲ್ಲ.

ಮಳೆ ಜೋರಾಗಿದ್ದ ಒಂದು ಬೆಳಿಗ್ಗೆ ವ್ಯಾಯಾಮದ ಹುಡುಗಿ ಕೋನ ಅಳೆದು, ನಂಬಿಕೆಯಾಗದೆ ಇನ್ನೊಮ್ಮೆ ಅಳೆದಳು. ಬೆರಳು ಬಗ್ಗುತ್ತಿತ್ತು.

ಆದರೂ ಗಣೇಶ ಚೌತಿಯ ಕೆಲಸ ಕೈತಪ್ಪಿತು. ನಮ್ಮ ಕಡೆ ಹೊಲಿಗೆಯವರಿಗೆ ಉಸಿರು ಬಿಡಲು ಪುರುಸೊತ್ತಿಲ್ಲದ ಹಬ್ಬ ಅದು. ಬಂದ ಬಟ್ಟೆಗಳನ್ನು ಅಕ್ಕ ತಾನೇ ಪೇಟೆಯ ಇನ್ನೊಬ್ಬ ಹೊಲಿಗೆಯವಳ ಹತ್ತಿರ ಕಳಿಸಿದಳು. ಹೋದವರಲ್ಲಿ ಯಾರು ತಿರುಗಿ ಬರುತ್ತಾರೆಂದು ಗೊತ್ತಿರಲಿಲ್ಲ. ಹಬ್ಬದ ಊಟಕ್ಕೆ ಹೋದಾಗ ಆ ಮುಂದಿನ ಕೋಣೆ ಅಷ್ಟು ಚೊಕ್ಕಟವಾಗಿರುವುದನ್ನು ನಾನು ಮೊದಲ ಸಲ ನೋಡಿದೆ. ನೆಲದಲ್ಲಿ ಒಂದು ತುಂಡು ದಾರವಿರಲಿಲ್ಲ.

ಹಬ್ಬ ಕಳೆದು ಕೆಲವು ವಾರಗಳಿಗೆ ವ್ಯಾಯಾಮ ಮುಗಿಯಿತು. ಬೆರಳಿನ ತುದಿ ಪೂರ್ತಿ ಬಗ್ಗುವುದಿಲ್ಲ, ಇನ್ನು ಇಷ್ಟೇ ಎಂದು ಹುಡುಗಿ ಹೇಳಿದಳು. ಕತ್ತರಿಗೆ ಇಷ್ಟು ಸಾಕೇ ಎಂದು ಅವಳಿಗೂ ಹೇಳಲಾಗಲಿಲ್ಲ.

ರಜೆಯ ದಿನ ನಾನು ಅಂಕೋಲೆಯಲ್ಲಿದ್ದಾಗ ಬೇಲೆಕೇರಿಯ ಹೆಂಗಸೊಬ್ಬಳು ಪೋಲ್ಕದ ಬಟ್ಟೆ ಹಿಡಿದು ಬಂದಳು. ಚೌತಿಗೆ ಬೇರೆ ಕಡೆ ಹೊಲಿಸಿದ್ದು ಕಂಕುಳಲ್ಲಿ ಹಿಡಿಯುತ್ತದೆಂದು ದೂರಿದಳು. ಅಕ್ಕ ಅಳತೆ ತೆಗೆದುಕೊಂಡು, ಬಟ್ಟೆಯನ್ನು ಮಡಚಿ ಮೇಜಿನ ಮೇಲೆ ಹರಡಿ, ಸೀಮೆಸುಣ್ಣದಿಂದ ಗೀಟು ಹಾಕಿದಳು. ಆಮೇಲೆ ದೊಡ್ಡ ಕತ್ತರಿ ತೆಗೆದಳು.

ಭಾವ ಎದ್ದು ಬಂದರು. "ಮೊದ್ಲು ನನ್ನ ಹಳೆ ಲುಂಗಿ ಕತ್ತರಿಸಿ ನೋಡೇ ಮಾರಾಯ್ತಿ."

"ಲುಂಗಿ ಕತ್ತರಿಸಿದ್ರೆ ಲುಂಗಿ ಕತ್ತರಿಸೂಕೆ ಬತ್ತದೆ ಅಂತ ಗೊತ್ತಾತದೆ, ಅಷ್ಟೇ. ನೀವು ಬೆಳಕು ಬಿಟ್ಟು ನಿಲ್ಲಿ."

ನೇರ ಗೀಟಿನ ಮೇಲೆ ಕತ್ತರಿ ಸರಾಗವಾಗಿ ಹೋಯಿತು. ಕಂಕುಳಿನ ತಿರುವಿನಲ್ಲಿ ನಿಂತಿತು. ಅವಳು ಬೆರಳನ್ನು ಹಿಡಿಯಿಂದ ಹೊರತೆಗೆದು, ಕೈ ಕೊಡವಿ, ಮತ್ತೆ ಹಾಕಿದಳು. ಇನ್ನೂ ಎರಡು ಕಡೆ ಹಾಗೆ ನಿಲ್ಲಬೇಕಾಯಿತು. ಹಿಂದೆ ಆ ತಿರುವನ್ನು ಅವಳು ಮಾತಾಡುತ್ತಲೇ ದಾಟುತ್ತಿದ್ದಳು.

ಕತ್ತರಿಸಿದ ಎರಡು ತುಂಡುಗಳನ್ನು ಒಂದರ ಮೇಲೊಂದು ಇಟ್ಟು ಬೆಳಕಿಗೆ ಹಿಡಿದಳು. ತಿರುವಿನಲ್ಲಿ, ಕತ್ತರಿ ನಿಂತ ಕಡೆ, ಅಂಚಿಗೆ ಸಣ್ಣದೊಂದು ಹಲ್ಲು ಉಳಿದಿತ್ತು. ಅದನ್ನು ಉಗುರಿನಿಂದ ಮುಟ್ಟಿ ನೋಡಿ, ಹೊಲಿಗೆಯೊಳಗೆ ಹೋಗುತ್ತದೆ ಎಂದಳು.

"ಹಂಗಾರೆ ನಾಳೆ ಬರ್ಲಾ?" ಎಂದಳು ಬೇಲೆಕೇರಿಯವಳು.

"ಮೊದ್ಲಿನಂಗೆ ನಾಳೆಗೆ ಆಗುದಿಲ್ಲ. ಮುಂದಿನ ವಾರ ಬಾ." ಅಕ್ಕ ತುಂಡುಗಳನ್ನು ಮಡಚಿ ಮಷಿನಿನ ಮೇಲೆ ಇಟ್ಟಳು. "ಬರುವಾಗ ಆ ಕಂಕುಳಲ್ಲಿ ಹಿಡಿಯೂದು ಅಂದ್ಯಲ್ಲ, ಅದನ್ನೂ ತಾ. ಬಿಚ್ಚಿ ನೋಡ್ತೆ."