ಮೇಲೇಳದ ಗೆರೆ

ದೇವನಹಳ್ಳಿಯ ವಿಮಾನ ನಿಲ್ದಾಣದಿಂದ ಅರ್ಧ ಗಂಟೆ ದೂರದ ಪ್ರಯೋಗಾಲಯವೊಂದರಲ್ಲಿ, ನಮ್ಮ ದೇಶದಲ್ಲಿ ಇಲ್ಲವೇ ಇಲ್ಲದ ಒಂದು ರೋಗವನ್ನು ಹುಡುಕುವುದು ವಹೀದಾಳ ಕೆಲಸ. ರೋಗದ ಹೆಸರು ಹಳದಿ ಜ್ವರ. ಆಫ್ರಿಕಾದಲ್ಲಿದೆ, ದಕ್ಷಿಣ ಅಮೆರಿಕದಲ್ಲಿದೆ. ಕಣ್ಣು, ಮೈ ಹಳದಿಯಾಗಿ, ಬಾಯಿ ಮೂಗಿನಲ್ಲಿ ರಕ್ತ ಬಂದು, ಹತ್ತು ದಿನದೊಳಗೆ ಮನುಷ್ಯನನ್ನು ಮುಗಿಸಿಬಿಡಬಲ್ಲದು. ಇಲ್ಲಿಗೆ ಬಂದಿಲ್ಲ. ಆದರೆ ಅದನ್ನು ಹರಡುವ ಸೊಳ್ಳೆ ಮಾತ್ರ ನಮ್ಮ ಡ್ರಮ್ಮು, ತೊಟ್ಟಿ, ಹಳೇ ಟೈರುಗಳಲ್ಲಿ ಧಾರಾಳವಾಗಿ ಹುಟ್ಟುತ್ತಿದೆ. ನಮಗೆ ಡೆಂಗಿ ತರುವುದೂ ಅದೇ ಸೊಳ್ಳೆ.

ವಹೀದಾ ದೇವನಹಳ್ಳಿ ಪಕ್ಕದ ವಿಜಯಪುರದವಳು. ತಂದೆ ಚಾಂದ್ ಪಾಷಾ ರೇಷ್ಮೆ ನೂಲು ಹುರಿ ಮಾಡುವ ಎರಡು ಮಿಷನ್ನು ಇಟ್ಟುಕೊಂಡವರು. ಮಗಳು ಲ್ಯಾಬ್ ಟೆಕ್ನಿಷಿಯನ್ ಕೋರ್ಸಿಗೆ ಸೇರುತ್ತೇನೆ ಎಂದಾಗ, "ಊರವರ ರಕ್ತ, ಉಚ್ಚೆ ನೋಡ್ಕೊಂಡು ಕೂತ್ಕೋತೀಯಾ?" ಎಂದು ನಕ್ಕಿದ್ದರು. ಹದಿನೈದು ವರ್ಷ ಅವಳು ನೋಡಿದ್ದೂ ಅದನ್ನೇ. ಮಲೇರಿಯಾ, ಟೈಫಾಯ್ಡ್, ಡೆಂಗಿ. ಕೊರೊನಾ ಬಂದಾಗ ಪ್ರಯೋಗಾಲಯಕ್ಕೆ ಪಿಸಿಆರ್ ಮಿಷನ್ನು ಬಂತು. ಕೊರೊನಾ ಹೋದಮೇಲೆ ಅದರ ಮೇಲೆ ಬಟ್ಟೆ ಹೊದಿಸಿಟ್ಟರು.

ಆ ಬಟ್ಟೆ ತೆಗೆಸಿದವರು ಮುಖ್ಯಸ್ಥರಾದ ಡಾ. ಉಮಾಶಂಕರ್. ವಿಮಾನ ನಿಲ್ದಾಣದ ಹತ್ತಿರವೇ ಹಳದಿ ಜ್ವರದ ಪರೀಕ್ಷೆ ಆಗಬೇಕು ಎಂದು ಮೇಲಿನಿಂದ ತೀರ್ಮಾನವಾಗಿತ್ತು. ಅದುವರೆಗೆ ಒಂದು ಅನುಮಾನ ಬಂದರೂ ರಕ್ತ ಪುಣೆಯ ವೈರಸ್ ಸಂಸ್ಥೆಗೆ ಹೋಗಿ, ಉತ್ತರ ಬರುವಷ್ಟರಲ್ಲಿ ದಿನಗಳು ಕಳೆಯುತ್ತಿದ್ದವು. ವಹೀದಾಳಿಗೆ ಹಳದಿ ಜ್ವರದ ಲಸಿಕೆ ಹಾಕಿಸಿ, ಮೂರು ವಾರ ಪುಣೆಗೆ ತರಬೇತಿಗೆ ಕಳಿಸಿದರು.

ತಿರುಗಿ ಬಂದ ವಾರವೇ ಅವಳ ಕಿರಿಯ ಸಹೋದ್ಯೋಗಿ ಫರ್ಹಾ ಒಂದು ಪ್ರಶ್ನೆ ಕೇಳಿದಳು. "ಅಕ್ಕ, ಈ ರೋಗ ಇಲ್ಲಿ ಯಾರಿಗೂ ಬಂದಿಲ್ಲ. ನಮ್ಮ ಟೆಸ್ಟ್ ಸರಿಯಾಗಿದೆ ಅಂತ ಯಾರ ರಕ್ತದಲ್ಲಿ ನೋಡೋದು?"

"ನಂದ್ರಲ್ಲೇ ನೋಡಣ ಬಾ," ಎಂದು ವಹೀದಾ ತೋಳು ಚಾಚಿದಳು.

ಪರೀಕ್ಷೆಯ ತಟ್ಟೆಯ ಒಂದು ಗುಣಿಯಲ್ಲಿ ಲಸಿಕೆ ಹಾಕಿಸಿಕೊಂಡಿರದ ಫರ್ಹಾಳ ರಕ್ತದ ತಿಳಿ, ಪಕ್ಕದ್ದರಲ್ಲಿ ವಹೀದಾಳದ್ದು. ಬಣ್ಣ ಬರಿಸುವ ದ್ರವ ಹಾಕಿದಾಗ ಫರ್ಹಾಳದ್ದು ನೀರಿನಂತೆ ಹಾಗೇ ಉಳಿಯಿತು. ವಹೀದಾಳದ್ದು ನಿಧಾನವಾಗಿ ನೀಲಿಯಾಯಿತು, ಕೊನೆಯ ಹನಿ ಹಾಕಿದಾಗ ಗಾಢ ಹಳದಿ. ಎಂದೂ ಕಾಣದ, ಸಾವಿರಾರು ಮೈಲಿ ದೂರದ ಒಂದು ರೋಗವನ್ನು ಅವಳ ಮೈ ಒಂದೇ ಸೂಜಿಯಿಂದ ಗುರುತು ಹಿಡಿಯಲು ಕಲಿತಿತ್ತು. ಅವಳಿಗೆ ತಿಳಿಸದೆಯೇ, ಅವಳು ಬಸ್ಸಿನಲ್ಲಿ ನಿದ್ದೆ ಮಾಡುತ್ತಿದ್ದಾಗ, ಅಡುಗೆ ಮಾಡುತ್ತಿದ್ದಾಗ, ಒಳಗೆ ಆ ಪಾಠ ನಡೆದಿತ್ತು.

ಆದರೆ ಆ ಹಳದಿಯನ್ನು ಪೂರ್ತಿ ನಂಬುವ ಹಾಗೂ ಇರಲಿಲ್ಲ. ಈ ಪ್ರಯೋಗಾಲಯವನ್ನೇ ಪರೀಕ್ಷಿಸಲೆಂದು ಪುಣೆಯಿಂದ ಹೆಸರಿಲ್ಲದ ಹತ್ತು ಸೀಸೆ ಬಂದವು. ಯಾವುದರಲ್ಲಿ ಏನಿದೆ ಎಂದು ಹೇಳಬೇಕು. ವಹೀದಾ ಒಂಬತ್ತು ಸರಿಯಾಗಿ ಹೇಳಿದಳು. ಒಂದು ಡೆಂಗಿಯನ್ನು ಹಳದಿ ಜ್ವರ ಎಂದು ಬರೆದುಬಿಟ್ಟಿದ್ದಳು. ಎರಡೂ ಹತ್ತಿರದ ಸಂಬಂಧಿಗಳು. ರಕ್ತದಲ್ಲಿ ಬಿಟ್ಟುಹೋಗುವ ಗುರುತೂ ಹೆಚ್ಚುಕಡಿಮೆ ಒಂದೇ. ಅವಳು ಆ ಕಾಗದ ಹಿಡಿದು ಉಮಾಶಂಕರ್ ಮುಂದೆ ತಲೆ ತಗ್ಗಿಸಿ ನಿಂತಳು.

"ಈಗ ತಪ್ಪಿದ್ದು ಒಳ್ಳೇದೇ ಆಯ್ತು ಬಿಡಮ್ಮ," ಎಂದರು ಅವರು. "ನಾವು ಇದೆ ಅಂತ ಒಂದು ಮಾತು ಅಂದ್ರೆ ದೆಹಲಿವರೆಗೂ ಫೋನ್ ಹೋಗತ್ತೆ. ಇಲ್ಲ ಅಂದು, ಇದ್ರೆ, ಅದು ಇನ್ನೂ ಕಷ್ಟ. ಒಂದನ್ನೇ ನೋಡಿ ಹೇಳಬೇಡ. ಡೆಂಗಿನೂ ಪಕ್ಕದಲ್ಲೇ ಇಟ್ಟು ನೋಡು. ಜ್ವರ ಶುರುವಾಗಿ ಕೆಲವೇ ದಿನ ಆಗಿದ್ರೆ ಪಿಸಿಆರ್‌ನಲ್ಲಿ ವೈರಸ್ಸನ್ನೇ ಹುಡುಕು."

ಎರಡನೇ ಸಲ ಹತ್ತಕ್ಕೆ ಹತ್ತೂ ಸರಿಬಂತು. ಅದಾಗಿ ಎರಡು ತಿಂಗಳಿಗೆ, ಸೆಪ್ಟೆಂಬರಿನ ಒಂದು ಬೆಳಿಗ್ಗೆ, ಆಸ್ಪತ್ರೆಯಿಂದ ಕರೆ ಬಂತು.

ರೋಗಿಯ ಹೆಸರು ಮೂರ್ತಿ, ಕುಂದಾಣದ ಕಡೆಯವನು. ಇಲ್ಲಿಯ ಪ್ಲಾಸ್ಟಿಕ್ ಹೊದಿಕೆಯ ಪಾಲಿಹೌಸುಗಳಲ್ಲಿ ಗುಲಾಬಿ ಬೆಳೆಸುವುದನ್ನು ಕಲಿತು, ಇಥಿಯೋಪಿಯಾದ ಗುಲಾಬಿ ತೋಟವೊಂದಕ್ಕೆ ಮೇಲ್ವಿಚಾರಕನಾಗಿ ಹೋಗಿದ್ದ. ರಜೆಗೆ ಬಂದ ಎರಡನೇ ದಿನಕ್ಕೇ ಚಳಿಜ್ವರ. ನಾಲ್ಕನೇ ದಿನಕ್ಕೆ ಕಣ್ಣು ಹಳದಿ. ಮಲೇರಿಯಾ ಪತ್ತೆಯ ಕಾರ್ಡಿನ ಮೇಲೆ ರಕ್ತದ ಹನಿ ಹಾಕಿ ನೋಡಿದ್ದಾಯಿತು, ಇಲ್ಲ ಎಂದು ತೋರಿಸಿತ್ತು. ಹಳದಿ ಜ್ವರದ ಲಸಿಕೆ ಹಾಕಿಸಿಕೊಂಡ ದಾಖಲೆ ಪುಸ್ತಕ ಅವನ ಬ್ಯಾಗಿನಲ್ಲೇ ಇತ್ತು. ಆದರೂ ಉಮಾಶಂಕರ್, "ನೀನೇ ಹೋಗಿ ರಕ್ತ ತಗೊಂಡು ಬಾ," ಎಂದು ವಹೀದಾಳನ್ನು ಕಳಿಸಿದರು.

ಮೂರ್ತಿಯನ್ನು ಬೇರೆ ಕೋಣೆಯಲ್ಲಿ, ಹಗಲಲ್ಲೂ ಸೊಳ್ಳೆಪರದೆಯೊಳಗೆ ಮಲಗಿಸಿದ್ದರು. ಅವನನ್ನು ಕಚ್ಚಿದ ಸೊಳ್ಳೆ ಇನ್ನೊಬ್ಬರನ್ನು ಕಚ್ಚಬಾರದು. ಬಾಗಿಲಲ್ಲಿ ಅವನ ಹೆಂಡತಿ ಪ್ರಮೋದಾ ನಿಂತಿದ್ದಳು. ವಹೀದಾ ರಕ್ತ ತೆಗೆದುಕೊಂಡು ಹೊರಗೆ ಬಂದಾಗ ಹಿಂದೆಯೇ ಬಂದಳು.

"ಅಕ್ಕ, ಒಂದ್ ಮಾತು. ಡಾಕ್ಟ್ರ ಹತ್ರ ಹೇಳಕ್ಕೆ ಭಯ ಆಯ್ತು. ಇವರು ಆ ಸೂಜಿ ಹಾಕಿಸ್ಕೊಂಡೇ ಇಲ್ಲ. ಕೆಲಸ ಕೊಡಿಸಿದ ಏಜೆಂಟು ಬರೀ ಪುಸ್ತಕ ತಂದ್ಕೊಟ್ಬಿಟ್ಟ."

ಹೊರಟಿದ್ದ ವಹೀದಾ ತಿರುಗಿ ನಿಂತಳು. "ಈಗಲಾದ್ರೂ ಹೇಳಿದ್ರಲ್ಲ, ಒಳ್ಳೇದಾಯ್ತು ಕಣಮ್ಮ. ಡಾಕ್ಟ್ರಿಗೆ ನಾನು ಹೇಳ್ತೀನಿ."

ಪ್ರಯೋಗಾಲಯಕ್ಕೆ ಬಂದಾಗ ಹನ್ನೊಂದು ಗಂಟೆ. ಎರಡು ಜೊತೆ ಗ್ಲೌಸು, ಮಾಸ್ಕು ಹಾಕಿಕೊಂಡು ಗಾಜಿನ ಪೆಟ್ಟಿಗೆಯೊಳಗೆ ಕೈ ಚಾಚಿ ಕುಳಿತಳು. ಮೂರ್ತಿಯ ರಕ್ತದಿಂದ ವೈರಸ್ಸಿನ ಅಂಶ ಬೇರ್ಪಡಿಸುವ ಕೆಲಸ. ಅವನದು ಎರಡು ಟ್ಯೂಬು, ಪುಣೆಯಿಂದ ತರಿಸಿಟ್ಟ, ರೋಗ ಇದ್ದೇ ಇರುವ ಮಾದರಿಯದು ಒಂದು, ಬರೀ ನೀರಿನದು ಒಂದು. ಮಿಷನ್ನಿನ ಮುಚ್ಚಳ ಹಾಕಿದಾಗ ಒಂದೂವರೆ. ಉತ್ತರಕ್ಕೆ ಇನ್ನೂ ಒಂದೂವರೆ ಗಂಟೆ.

ಸುಮ್ಮನೆ ಕೂರಲಾಗಲಿಲ್ಲ. ಪುಣೆಯಲ್ಲಿ ಯಾರೋ ಹೇಳಿದ ಮಾತು ಅವಳನ್ನು ಕೊರೆಯುತ್ತಿತ್ತು: ಆಫ್ರಿಕಾ ಕಡೆಯ ಕೆಲವು ಮಲೇರಿಯಾ ಕ್ರಿಮಿಗಳು ಕಾರ್ಡಿನ ಕಣ್ಣಿಗೆ ಬೀಳುವುದಿಲ್ಲ. ಮೂರ್ತಿಯ ಒಂದು ಹನಿ ರಕ್ತವನ್ನು ಗಾಜಿನ ಮೇಲೆ ಸವರಿ, ಬಣ್ಣ ಹಾಕಿ, ಒಣಗಿಸಿ, ಮೈಕ್ರೋಸ್ಕೋಪಿನಡಿ ಇಟ್ಟಳು. ನೋಡಿದಳು. ತಿರುಪು ತಿರುಗಿಸಿ ಮತ್ತೆ ನೋಡಿದಳು.

ಗುಲಾಬಿ ಬಣ್ಣದ ರಕ್ತಕಣಗಳೊಳಗೆ ನೀಲಿಯ ಪುಟ್ಟ ಪುಟ್ಟ ಉಂಗುರಗಳು. ಒಂದೊಂದು ಕಣದಲ್ಲಿ ಎರಡೆರಡು.

"ಫರ್ಹಾ, ಸರ್‌ನ ಕರಿ!"

ಉಮಾಶಂಕರ್ ಬಗ್ಗಿ ನೋಡಿ ಕೂಡಲೇ ಆಸ್ಪತ್ರೆಗೆ ಫೋನ್ ಮಾಡಿದರು. ಮಲೇರಿಯಾ, ಅದೂ ಮಿದುಳಿಗೇರುವ ಜಾತಿಯದು, ಇಂಜೆಕ್ಷನ್ ಶುರುವಾಗಲಿ. ಫೋನ್ ಇಟ್ಟು ವಹೀದಾಳ ಕಡೆ ತಿರುಗಿದರು. "ಇದು ಇದೆ ಅಂತ ಅದು ಇಲ್ಲ ಅನ್ನಕ್ಕಾಗಲ್ಲ. ಎರಡೂ ಇರಬಹುದು."

ಮೂವರೂ ಕಂಪ್ಯೂಟರ್ ಪರದೆಯ ಮುಂದೆ ಕುಳಿತರು. ಒಂದೊಂದು ಟ್ಯೂಬಿಗೆ ಒಂದೊಂದು ಗೆರೆ, ವೈರಸ್ ಇದ್ದರೆ ಗೆರೆ ಮೇಲೇಳಬೇಕು; ಸದ್ಯಕ್ಕೆ ಎಲ್ಲವೂ ನೆಲಕ್ಕೆ ಅಂಟಿದ ಹಾಗೆ ಸಾಗುತ್ತಿದ್ದವು. ಇಪ್ಪತ್ತಾರನೇ ಸುತ್ತಿನಲ್ಲಿ ಒಂದು ಗೆರೆ ತಲೆಯೆತ್ತಿ ಬೆಟ್ಟದಂತೆ ಮೇಲಕ್ಕೆ ಹೋಯಿತು. ಅದು ಮಾದರಿಯದು, ಅಂದರೆ ಮಿಷನ್ನು ಸರಿಯಾಗಿದೆ. ಮೂರ್ತಿಯ ಎರಡು ಗೆರೆಗಳು ನೆಲದಲ್ಲೇ ಇದ್ದವು. ಮೂವತ್ತು. ಮೂವತ್ತೈದು. ನಲವತ್ತು, ಕೊನೆಯ ಸುತ್ತು. ಎರಡೂ ಮೇಲೇಳಲಿಲ್ಲ.

ವಹೀದಾಳ ಕಣ್ಣು ತುಂಬಿತು. ಏನೂ ಆಗದೆ ಇರುವುದನ್ನು ಅಷ್ಟು ದೊಡ್ಡದಾಗಿ ಅವಳು ಎಂದೂ ನೋಡಿರಲಿಲ್ಲ. ಹೊರಗೆ ವಿಮಾನ ಇಳಿಯುವ ಸದ್ದು ಕೇಳಿತು. ಕುಂದಾಣದಲ್ಲಿ ಜನ ಡ್ರಮ್ಮಿನಿಂದ ನೀರು ಮೊಗೆಯುತ್ತಿರಬೇಕು, ವಿಜಯಪುರದಲ್ಲಿ ಅಪ್ಪನ ಮಿಷನ್ನು ತಿರುಗುತ್ತಿರಬೇಕು. ಎಂಥ ಅಪಾಯ ತಪ್ಪಿತೆಂದು ಇವರಲ್ಲಿ ಯಾರಿಗೂ ಗೊತ್ತಾಗುವುದಿಲ್ಲ.

ನಿಯಮದಂತೆ ರಕ್ತ ಪುಣೆಗೂ ಹೋಯಿತು. ಅಲ್ಲಿಂದಲೂ ಅದೇ ಉತ್ತರ ಬಂತು. ಆ ಹೊತ್ತಿಗೆ ಮೂರ್ತಿ ಎದ್ದು ಕೂತು ಗಂಜಿ ಕುಡಿಯುತ್ತಿದ್ದ.

ತಿಂಗಳ ನಂತರ ಗಂಡ ಹೆಂಡತಿ ಪ್ರಯೋಗಾಲಯಕ್ಕೆ ಬಂದರು. ಮೂರ್ತಿ ಸೊರಗಿದ್ದ, ಆದರೆ ಕಣ್ಣು ಬೆಳ್ಳಗಿದ್ದವು. ಬೆಂಗಳೂರಿಗೆ ಹೋಗಿ ನಿಜವಾದ ಲಸಿಕೆ ಹಾಕಿಸಿಕೊಂಡು ಬಂದಿದ್ದ. ಏಜೆಂಟಿನ ಮೇಲೆ ದೂರನ್ನೂ ಕೊಟ್ಟಿದ್ದ.

"ನನಗೇನಾಗಿತ್ತು ಅಂತ ನಾನೂ ನೋಡಬೌದಾ ಅಕ್ಕ?" ಎಂದು ಕೇಳಿದ.

ವಹೀದಾ ಎತ್ತಿಟ್ಟಿದ್ದ ಆ ಗಾಜನ್ನು ತೆಗೆದು ಮೈಕ್ರೋಸ್ಕೋಪಿನಡಿ ಇಟ್ಟುಕೊಟ್ಟಳು. ಅವನು ಬಗ್ಗಿದ. ಬಹಳ ಹೊತ್ತು ಮೇಲೇಳಲಿಲ್ಲ.

"ಇದೆಲ್ಲಾ ನನ್ನ ರಕ್ತನಾ?"

"ನಿಮ್ಮದೇ. ಒಂದು ಹನಿಗಿಂತ ಕಮ್ಮಿ."

"ಇಷ್ಟ್ ಚಿಕ್ಕದು ನನ್ನನ್ನ ಹೊತ್ಕೊಂಡ್ ಹೋಗ್ತಿತ್ತಲ್ಲ!"

"ಹಳದಿ ಜ್ವರದ್ದು ಇದಕ್ಕಿಂತ ಎಷ್ಟೋ ಚಿಕ್ಕದು. ಇದರಲ್ಲೂ ಕಾಣಲ್ಲ."

ಮೂರ್ತಿ ತಲೆಯೆತ್ತಿ ಅವಳನ್ನೇ ನೋಡಿದ. ಬಾಗಿಲ ಹತ್ತಿರ ನಿಂತಿದ್ದ ಹೆಂಡತಿಯನ್ನು ಕೈಬೀಸಿ ಕರೆದ.

"ಪ್ರಮೋದಾ, ಬಾ ಇಲ್ಲಿ. ಒಂದ್ ಕಣ್ಣು ಮುಚ್ಕೊಂಡು ನೋಡು. ಮುಟ್ಟಬೇಡ, ಬರೀ ನೋಡು."