ಹಗ್ಗದ ಕೊನೆಯಲ್ಲಿ ಜಲಜಾಕ್ಷಿ

ಕಾಸರಗೋಡಿನ ಬೋವಿಕಾನದ ಸುತ್ತಮುತ್ತ ಹಗ್ಗಜಗ್ಗಾಟವೆಂದರೆ ಜನಕ್ಕೆ ಅನ್ನ ನೀರು ಬೇಡ. ಓಣಂ ಬಂತೆಂದರೆ ಕುಟುಂಬಶ್ರೀ ಸ್ವಸಹಾಯ ಸಂಘದ ಹೆಂಗಸರೂ ಪ್ಯಾಂಟು ತೊಟ್ಟು ಮೈದಾನಕ್ಕಿಳಿಯುತ್ತಾರೆ. ಅವರ ತಂಡದಲ್ಲಿ ಕಟ್ಟಕಡೆಗೆ, ಹಗ್ಗವನ್ನು ಮೈಗೆ ಸುತ್ತಿಕೊಂಡು ನಿಲ್ಲುವವಳು ಜಲಜಾಕ್ಷಿ. ಮೂವತ್ತು ದಾಟಿದ, ಎರಡು ಮಕ್ಕಳ ತಾಯಿಗೆ ತನ್ನದೆಂದು ಹೇಳಿಕೊಳ್ಳಲು ಇದ್ದ ಜಾಗ ಅದೊಂದೇ, ಸತ್ಯ ಹೇಳಬೇಕೆಂದರೆ.

ಆ ಜಾಗಕ್ಕೆ ಸಂಚಕಾರ ತಂದದ್ದು ಮುಟ್ಟು. ಎರಡನೆಯ ಹೆರಿಗೆಯ ಮೇಲೆ ಪ್ರತಿ ತಿಂಗಳೂ ವಿಪರೀತ ಸ್ರಾವ. ಎಳೆಯುತ್ತಿದ್ದ ಹಾಗೆಯೇ ಕಣ್ಣು ಕತ್ತಲೆ ಬಂದು ಕೂತುಬಿಡುತ್ತಿದ್ದಳು. ತರಬೇತಿ ಕೊಡುವ ಜಯಪಾಲಣ್ಣ ಕೇಳಿದರೆ "ಬೆನ್ನುನೋವು" ಎನ್ನುತ್ತಿದ್ದಳು. ಪಾಪ, ಅವರು ಬಗೆಬಗೆಯ ತೈಲ ತಂದುಕೊಟ್ಟದ್ದೇ ಕೊಟ್ಟದ್ದು!

ಕೊನೆಗೆ ಆರೋಗ್ಯ ಕೇಂದ್ರದ ಡಾಕ್ಟರ್ ಸೌದಾಮಿನಿಯ ಹತ್ತಿರ ಹೋದಳು. ಅವರು ಬಿಪಿ ನೋಡಿ, ರಕ್ತ ಪರೀಕ್ಷೆ, ಸ್ಕ್ಯಾನಿಂಗ್ ಮಾಡಿಸಿ, ಗರ್ಭನಿರೋಧಕ ಮಾತ್ರೆಯನ್ನೇ ಬರೆದುಕೊಟ್ಟರು. ದಿನಾ ಒಂದು ತಿಂದರೆ ಸ್ರಾವವೂ ಹತೋಟಿಗೆ ಬರುತ್ತದೆ ಎಂದರು. ಜಲಜಾಕ್ಷಿ ತಲೆಯಾಡಿಸಿದಳು, ಅಷ್ಟೆ. ಅವಳ ಗಂಡನ ಮನೆಯಲ್ಲಿ ದೈವಕ್ಕೆ ವರ್ಷದ ತಂಬಿಲ ಪೂಜೆ ಬಂದರೆ ಅತ್ತೆಯೇ ಮುಂದೆ ನಿಂತು ಸೊಸೆಗೆ ಮುಟ್ಟು ಮುಂದೆ ಹಾಕುವ ಮಾತ್ರೆ ತರಿಸುತ್ತಿದ್ದರು. ಕಾರ್ಯ ಮುಗಿದ ಕೂಡಲೇ ಮಾತ್ರೆಯೂ ಮುಗಿಯಿತು. ಇದೂ ಅದೇ ಜಾತಿಯದೆಂದು ಜಲಜಾಕ್ಷಿಯ ಎಣಿಕೆ. ಪಂದ್ಯ ಹತ್ತಿರ ಬಂದರೆ ನುಂಗುವುದು, ಮುಗಿದರೆ ಬಿಡುವುದು. ದಿನಾ ತಿಂದರೆ ತೋಳಿನ ಬಲ ಇಳಿದೀತೆಂಬ ಹೆದರಿಕೆ ಬೇರೆ.

ಆಯಿತಲ್ಲ ಫಜೀತಿ! ಮುಟ್ಟಿಗೆ ಹೊತ್ತುಗೊತ್ತೇ ಇಲ್ಲವಾಯಿತು. ಒಂದು ಸಂಜೆ ಅವಳು ಹಗ್ಗ ಬಿಟ್ಟು ಓಡಿದ್ದನ್ನು ನೋಡಿ ಜಯಪಾಲಣ್ಣ, "ಈ ಸಲ ಕೊನೆಗೆ ರಮ್ಯಶ್ರೀ ನಿಲ್ಲಲಿ. ನೀನು ಬೆನ್ನು ಸರಿ ಮಾಡಿಕೊ" ಎಂದುಬಿಟ್ಟರು. ಆ ಹುಡುಗಿ ತಂಡಕ್ಕೆ ಬಂದದ್ದು ಮೊನ್ನೆ ಮೊನ್ನೆ. ಜಲಜಾಕ್ಷಿ ಮರುದಿನವೇ ಡಾಕ್ಟರ ಮೇಲೆ ಏರಿಹೋದಳು.

"ನಿಮ್ಮ ಮಾತ್ರೆಯಿಂದ ಎಂತದೂ ಪ್ರಯೋಜನ ಇಲ್ಲ."

"ಹೇಗೆ ತಿಂದದ್ದು?"

"ಪಂದ್ಯಕ್ಕೆ ಮೊದಲು. ತಂಬಿಲಕ್ಕೆ ತಿಂದ ಹಾಗೆ."

ಡಾಕ್ಟರಿಗೆ ನಗು ಬಂತು. "ಅದು ಬೇರೆ, ಇದು ಬೇರೆ ಮಾರಾಯ್ರೆ! ಇದನ್ನು ಬಿಟ್ಟು ಬಿಟ್ಟು ತಿಂದರೆ ಹೀಗೇ ಕಂಡಕಂಡಾಗ ಹೋಗ್ತದೆ. ಬಸಿರಾಗ್ಲಿಕ್ಕೂ ಸಾಕು."

"ದಿನಾ ತಿಂದರೆ ಬಲ ಹೋಗುದಿಲ್ವಾ?"

"ನಿಮ್ಮ ಬಲ ತೆಗೆದದ್ದು ಮಾತ್ರೆ ಅಲ್ಲ, ಮೈಯಿಂದ ಹೋದ ರಕ್ತ. ಕಬ್ಬಿಣದ ಮಾತ್ರೆಯೂ ಕೊಡ್ತೇನೆ. ಎರಡು ಮೂರು ತಿಂಗಳು ತಾಳಿ."

ಓಣಂಗೆ ಅಷ್ಟು ಸಮಯ ಇತ್ತು. ಅಂದು ಸಂಜೆ ಜಲಜಾಕ್ಷಿ ಎಲ್ಲರ ಎದುರಿಗೇ ಹೇಳಿದಳು: "ಜಯಪಾಲಣ್ಣ, ನನಗೆ ಬೆನ್ನುನೋವು ಅಲ್ಲ. ಮುಟ್ಟಿನದ್ದು ತೊಂದರೆ. ಮದ್ದು ಮಾಡ್ತಾ ಉಂಟು. ನನ್ನ ಜಾಗ ಯಾರಿಗೂ ಕೊಡಬೇಡಿ."

ಜಯಪಾಲಣ್ಣ ಆಕಾಶ ನೋಡಿದರು, ನೆಲ ನೋಡಿದರು. "ಹಾಗಾದ್ರೆ ಆ ತೈಲ ಎಲ್ಲ?"

"ಅತ್ತೆಯ ಮೊಣಗಂಟಿಗೆ."

ನಗು ಮುಗಿದ ಮೇಲೆ ಅವರು, "ಓಣಂವರೆಗೆ ನೋಡುವ. ಎಳೆದು ತೋರಿಸು" ಎಂದರು.

ಮೊದಲ ತಿಂಗಳು ಹೊಟ್ಟೆ ತೊಳಸಿತು, ಅಲ್ಲಲ್ಲಿ ಸ್ರಾವವೂ ಕಂಡಿತು. ಅವಳು ಬಿಡಲಿಲ್ಲ. ಬರಬರುತ್ತಾ ಮುಟ್ಟು ಹಗುರಾಯಿತು, ತಲೆ ತಿರುಗುವುದು ನಿಂತಿತು. ಜಯಪಾಲಣ್ಣ ಬಾಯಿಬಿಟ್ಟು ಹೊಗಳಲಿಲ್ಲ, ಆದರೆ ರಮ್ಯಶ್ರೀಯನ್ನು ಹಗ್ಗದ ಕೊನೆಯಿಂದ ಮುಂದಕ್ಕೆ ಕಳಿಸಿದರು.

ವಿಧಿಯ ಕುಚೋದ್ಯ ನೋಡಿ, ಪಂದ್ಯದ ದಿನ ಬೆಳಿಗ್ಗೆಯೇ ಮುಟ್ಟಾಯಿತು. "ಇವತ್ತು ಮನೆಯಲ್ಲಿ ಕೂತ್ಕೊ" ಎಂದರು ಅತ್ತೆ. ಜಲಜಾಕ್ಷಿ ಬೂಟು ಹಾಕಿಕೊಂಡು ಹೊರಟೇಬಿಟ್ಟಳು. ಗೊಣಗುತ್ತಾ ಅತ್ತೆಯೂ ಹಿಂದೆ ಬಂದರು.

ಫೈನಲಿನಲ್ಲಿ ಎದುರಿನವರು ಆನೆಗಳು. ನಮ್ಮವರ ಕಾಲು ಒಂದೊಂದಾಗಿ ಕೆಸರಲ್ಲಿ ಜಾರತೊಡಗಿತು. ಕೊನೆಯಲ್ಲಿ ಜಲಜಾಕ್ಷಿ ಹಿಮ್ಮಡಿ ಊರಿ, ಹಲ್ಲು ಕಚ್ಚಿ, ಆಕಾಶಕ್ಕೆ ಮುಖ ಮಾಡಿ ಒರಗಿದಳು. ಹಗ್ಗ ನಿಂತಿತು. ಮೆಲ್ಲಮೆಲ್ಲನೆ ಹಿಂದಕ್ಕೆ ಬಂತು. ಸೀಟಿ ಊದಿದಾಗ ಅವಳು ಕೆಸರಲ್ಲಿ ಅಂಗಾತ ಬಿದ್ದು ಅಳುತ್ತಿದ್ದಳು, ನಗುತ್ತಲೂ ಇದ್ದಳು.

ಅಷ್ಟರಲ್ಲಿ ಗುಂಪಿನ ನಡುವೆ ಎದ್ದುನಿಂತು, ಇಡೀ ಮೈದಾನಕ್ಕೆ ಕೇಳುವ ಹಾಗೆ ಅತ್ತೆ ಕೂಗಿದರು: "ಅದು ನನ್ನ ಸೊಸೆ! ಇವತ್ತು ಅವಳಿಗೆ ಮುಟ್ಟು, ಗೊತ್ತುಂಟಾ ನಿಮಗೆ?"