ಬಾಕ್ಸು ಕಾಯುತ್ತ

ಸ್ಟುಟ್‌ಗಾರ್ಟ್‌ನಿಂದ ಮ್ಯೂನಿಕ್‌ಗೆ ಹೋಗುವ ರೈಲಿನಲ್ಲಿ ಕೂತು ಬರೆಯುತ್ತಿದ್ದೇನೆ. ಕಿವಿ ಇನ್ನೂ ಬಿಸಿಯಾಗಿದೆ.

ಎದುರು ಸೀಟಿಗೆ ಒಬ್ಬ ಆಫ್ರಿಕನ್ ಬಂದು ಕೂತ. ಕಾಲ ಬಳಿ ಹಗ್ಗ ಬಿಗಿದ ರಟ್ಟಿನ ಬಾಕ್ಸು. ನಾನು ಬ್ಯಾಗನ್ನು ತೊಡೆಗೆಳೆದುಕೊಂಡು ಸಹೋದ್ಯೋಗಿ ಗಿರೀಶನಿಗೆ, "ಕದ್ದ ಮಾಲಿರ್ಬೇಕು ಮಗಾ, ಲ್ಯಾಪ್‌ಟಾಪ್ ನೋಡ್ಕೋ" ಎಂದೆ. ಕನ್ನಡ ಯಾರಿಗೆ ಗೊತ್ತಾಗುತ್ತೆ ಎಂಬ ಧೈರ್ಯ.

ಗಿರೀಶ ಇಂಗ್ಲಿಷಿನಲ್ಲಿ ಮಾತಿಗೆಳೆದ. ಸಾಫ್ಟ್‌ವೇರ್‌ನವರಿಗೆ ಜರ್ಮನಿ ಕೊಡುವ ಗ್ರೀನ್ ಕಾರ್ಡ್ ಮೇಲೆ ನಾವು ಬಂದವರೆಂದು ಹೇಳಿಕೊಂಡ. ಎದುರಿನವರು ಘಾನಾದ ಕುಮಾಸಿಯವರು. ಅಲ್ಲಿ ಮೂರು ಜನರ ಸಾಫ್ಟ್‌ವೇರ್ ಕಂಪನಿ ಕಟ್ಟಿದ್ದಾರೆ. ಬಾಕ್ಸಿನಲ್ಲಿರುವುದು ಇಲ್ಲಿ ಕೊಂಡ ಹಳೆಯ ಕಂಪ್ಯೂಟರು. ಬಂಡವಾಳ ಯಾರದೆಂದರೆ, "ನನ್ನ ಟ್ಯಾಕ್ಸಿಯದು" ಎಂದು ನಕ್ಕರು. ಬೆಳಿಗ್ಗೆ ಟ್ಯಾಕ್ಸಿ ಓಡಿಸುತ್ತಾರೆ. ಮಧ್ಯಾಹ್ನ ಕರೆಂಟು ಹೋದರೆ ಅದರ ಬ್ಯಾಟರಿ ಬಿಚ್ಚಿ ಆಫೀಸಿನ ಇನ್‌ವರ್ಟರಿಗೆ ಜೋಡಿಸುತ್ತಾರೆ. ಅಷ್ಟು ಹೊತ್ತು ಬಾಡಿಗೆ ಬಂದರೂ ಟ್ಯಾಕ್ಸಿ ಕದಲುವಂತಿಲ್ಲ.

"ಈ ಉಪಾಯ ಎಲ್ಲಿ ಕಲಿತಿರಿ?" ಎಂದೆ.

"ಮೈಸೂರಲ್ಲಿ. ನಾನು ಓದುವಾಗ ಅಲ್ಲೂ ಕರೆಂಟು ಹೋಗುತ್ತಿತ್ತು."

ಅವರು ಎದ್ದುನಿಂತು, ಈ ಸಲ ಕನ್ನಡದಲ್ಲೇ, "ಟಾಯ್ಲೆಟ್‌ಗೆ ಹೋಗ್ಬರ್ತೀನಿ ಸರ್. ಸ್ವಲ್ಪ ಬಾಕ್ಸ್ ನೋಡ್ಕೊಳ್ಳಿ" ಎಂದರು.

ಇನ್ನೂ ಬಂದಿಲ್ಲ. ಬ್ಯಾಗು ನನ್ನ ತೊಡೆಯ ಮೇಲೇ ಇದೆ. ಈಗ ಅದನ್ನು ಕೆಳಗಿಡುವುದಕ್ಕೂ ನಾಚಿಕೆ.